ಕಂಟ್ರಾಕ್ಟರನ ಕರಿ ಕನ್ನಡಕ

ಹೊಸದುರ್ಗದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಗೋಡೆಗೆ ಒಂದು ಟೀವಿ ತೂಗುಹಾಕಿದ್ದಾರೆ. ಮೊನ್ನೆ ಕಾಫಿ ಕುಡಿಯುತ್ತ ಕೂತಿದ್ದೆ, ಅದರಲ್ಲಿ ಯಾವುದೋ ಧಾರಾವಾಹಿ ಬರುತ್ತಿತ್ತು. ಒಬ್ಬ ಬಡಪಾಯಿ ಗುಮಾಸ್ತ, ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ, ಎದುರಿಗೆ ಬಂದವರೆಲ್ಲ ಅವನನ್ನು ಗದರುವವರೇ. ಜಾಹೀರಾತು ಮುಗಿದು ಮತ್ತೆ ಶುರುವಾದಾಗ ಅದೇ ಮನುಷ್ಯ ಆ ಕನ್ನಡಕ ತೆಗೆದು ಕರಿ ಕನ್ನಡಕ ಹಾಕಿಕೊಂಡು ಕಾರಿನಿಂದ ಇಳಿದ. ಅಷ್ಟೇ! ಕಚೇರಿಯವರಿಗೆಲ್ಲ ಅವನನ್ನು ಕಂಡರೆ ನಡುಕ. ಪಕ್ಕದ ಮೇಜಿನಲ್ಲಿದ್ದವರು ನಕ್ಕು, "ಏನ್ ಬಿಡ್ತಾರೆ ನೋಡ್ರಿ ಸಾರ್ ಬುರುಡೆ! ಕನ್ನಡಕ ಬದಲಾದ್ರೆ ಮನುಷ್ಯ ಬದಲಾಗ್ತಾನಾ?" ಅಂದರು.

ನನಗೆ ರೇಗಿಹೋಯಿತು. "ಬದಲಾಗ್ತಾನೆ ಕಣ್ರಿ, ಸುಮ್ನೆ ದೋಸೆ ತಿನ್ರಿ" ಅಂದೆ. ಪಾಪ, ಆ ಮನುಷ್ಯನ ತಪ್ಪೇನಿಲ್ಲ. ಎಪ್ಪತ್ತರ ದಶಕದ ನಡುವೆ ನನಗೆ ಆದದ್ದು ಅವರಿಗೆ ಹೇಗೆ ಗೊತ್ತಾಗಬೇಕು?

ಮೊದಲು ನನ್ನ ಕಣ್ಣಿನ ಸಂಗತಿ ಹೇಳಿಬಿಡುತ್ತೇನೆ. ಕನ್ನಡಕ ತೆಗೆದರೆ ಒಂದು ಮೊಳದಾಚೆ ನನಗೆ ಪ್ರಪಂಚವೇ ಇಲ್ಲ. ಬಣ್ಣ ಕಾಣುತ್ತದೆ, ಅಲುಗಾಡುವುದು ಕಾಣುತ್ತದೆ. ಎಮ್ಮೆ ಯಾವುದು, ಬಂಡೆ ಯಾವುದು ಅನ್ನುವುದು ಎರಡರಲ್ಲಿ ಒಂದು ಎದ್ದು ನಡೆದ ಮೇಲೆ ತಿಳಿಯುತ್ತದೆ. ಮುಖ ಮಾತ್ರ ಎಲ್ಲರದ್ದೂ ಒಂದೇ, ನಾದಿಟ್ಟ ಹಿಟ್ಟಿನ ಹಾಗೆ. ಮೇಷ್ಟ್ರ ಟ್ರೈನಿಂಗಿನಲ್ಲಿ ಬೋರ್ಡು ಕಾಣದೆ ಒದ್ದಾಡಿ, ಕೊನೆಗೆ ದುರ್ಗಕ್ಕೆ ಹೋಗಿ ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಸಿಕೊಂಡೆ. ಸೋಡಾ ಬಾಟಲಿಯ ತಳದಂಥ ಗಾಜು. ಅದನ್ನು ಹಾಕಿಕೊಂಡು ಮತ್ತೋಡಿನ ಹತ್ತಿರದ ನಮ್ಮೂರಿಗೆ ಹೋದ ದಿನ ಅವ್ವ ನನ್ನನ್ನು ಬಾಗಿಲಲ್ಲೇ ತಡೆದಳು.

"ತೆಗಿಯೋ ಅದನ್ನ! ಮದ್ವೆ ಆಗ್ದಿರೋ ಹುಡುಗ. ಕುರುಡ ಅಂತ ಒಂದ್ಸಲ ಹೆಸರು ಬಿದ್ರೆ ಹೆಣ್ಣು ಕೊಡೋರು ಯಾರು?"

"ಇದನ್ನ ಹಾಕ್ಕಂಡ್ರೆ ಕಾಣ್ತೈತೆ ಕಣವ್ವ. ತೆಗದ್ರೇನೇ ಕುರುಡ."

"ಅದು ನಿಂಗೆ ಗೊತ್ತು. ಊರಿಗೆ ಗೊತ್ತಾಗಾದು ಬ್ಯಾಡ."

ಅವ್ವನ ಹತ್ತಿರ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅವತ್ತಿನಿಂದ ಊರು ಹತ್ತಿರ ಬಂದ ಕೂಡಲೇ ಬಸ್ಸಿನಲ್ಲೇ ಕನ್ನಡಕ ತೆಗೆದು ಜೇಬಿಗೆ ಹಾಕುತ್ತಿದ್ದೆ. ಊರಿನವರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗಿದ್ದರು. ನನಗೆ ಆಗ ಕೆಲಸ ಸಿಕ್ಕಿದ್ದು ಹಿರಿಯೂರು ತಾಲ್ಲೂಕಿನಲ್ಲಿ, ಹರಿಯಬ್ಬೆ ದಾಟಿ ಮುಂದೆ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿ ಮನೆಯಲ್ಲಿ ಅರ್ಧ ತೆಲುಗು ಮಾತಾಡುವ ಮಕ್ಕಳು, ಒಂದೇ ಕೋಣೆಯ ಶಾಲೆ, ನಾನೊಬ್ಬನೇ ಮೇಷ್ಟ್ರು. ಅಲ್ಲಿ ಹೊತ್ತಿಡೀ ಕನ್ನಡಕ ಹಾಕಿಕೊಂಡು ನೆಮ್ಮದಿಯಾಗಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಮತ್ತೆ ಕುರುಡು.

ಆ ವರ್ಷ ಶೇಂಗಾ ಸುಗ್ಗಿ ಮುಗಿದ ಮೇಲೆ ನಮ್ಮೂರಿನವರು ಒಂದು ಸಾಮಾಜಿಕ ನಾಟಕ ಆಡಬೇಕೆಂದು ಹೊರಟರು. ಹೊಳಲ್ಕೆರೆಯಿಂದ ಒಬ್ಬ ಹಾರ್ಮೋನಿಯಂ ಮಾಸ್ತರರನ್ನು ಕರೆಸಿದರು. ನಾಟಕ ಬರೆದವರೂ ಅವರೇ, ಕಲಿಸುವವರೂ ಅವರೇ. ಪಾರ್ಟು ಹಂಚುವುದರಲ್ಲಿ ಮಾತ್ರ ಅವರ ಮಾತು ನಡೆಯಲಿಲ್ಲ, ಯಾಕೆಂದರೆ ಅದಕ್ಕೆ ನಮ್ಮೂರಿನದೇ ಒಂದು ಪದ್ಧತಿ ಇತ್ತು. ದನಿ ಹೇಗಿದೆ, ಮಾತು ನೆನಪಿರುತ್ತದಾ ಅಂತ ಯಾರೂ ನೋಡುತ್ತಿರಲಿಲ್ಲ. ಯಾರ ಹತ್ತಿರ ಏನು ಸಾಮಾನಿದೆ ಅಂತ ನೋಡುತ್ತಿದ್ದರು. ಕೈಗಡಿಯಾರ ಇದ್ದವನು ಡಾಕ್ಟರು. ಬೂಟು ಇದ್ದವನು ಇನ್‌ಸ್ಪೆಕ್ಟರು. ಬೂಟಿನವನಿಗೆ ಉಗ್ಗು ಇತ್ತು, ಆದರೂ ಅವನೇ ಇನ್‌ಸ್ಪೆಕ್ಟರು.

ಆ ನಾಟಕದಲ್ಲಿ ಒಬ್ಬ ಕೇಡಿಗ ಕಂಟ್ರಾಕ್ಟರ್ ಇದ್ದ. ಪಟ್ಟಣದಿಂದ ಬಂದು ಕೆರೆ ಏರಿ ಕೆಲಸದಲ್ಲಿ ಊರಿಗೆ ಮೋಸ ಮಾಡುವವನು, ಬಡವರ ಮನೆಯ ಹೆಣ್ಣಿನ ಮೇಲೆ ಕಣ್ಣು ಹಾಕುವವನು. ಅವನಿಗೆ ಕರಿ ಕನ್ನಡಕ ಇರಲೇಬೇಕು ಅಂತ ಮಾಸ್ತರರು ಹಠ ಹಿಡಿದರು. ತಮ್ಮದೇ ಒಂದನ್ನು ಕೊಟ್ಟರು ಕೂಡ. ಒಬ್ಬೊಬ್ಬರೂ ಹಾಕಿ ನೋಡಿದರು. ಒಬ್ಬನ ಮೂಗಿನ ಮೇಲೆ ಜಾರಿತು, ಇನ್ನೊಬ್ಬನ ಕಿವಿಗೆ ನಿಲ್ಲಲಿಲ್ಲ. ಮೂಲೆಯಲ್ಲಿ ಕೂತಿದ್ದ ನನ್ನನ್ನು ಮಾಸ್ತರರು ಹತ್ತಿರ ಕರೆದು, ಗದ್ದ ಹಿಡಿದು ಮುಖ ಎತ್ತಿ ನೋಡಿದರು.

"ಲೇ, ಇಲ್ಲಿ ನೋಡ್ರಲೇ! ಕನ್ನಡಕ ಕುಂದ್ರೋ ಗುಳಿ ಈ ಮೇಷ್ಟ್ರ ಮೂಗಿನ ಮ್ಯಾಲೆ ಆಗ್ಲೇ ರೆಡಿ ಐತೆ!"

ಇಡೀ ಊರಿನಲ್ಲಿ ಕಣ್ಣು ಕಾಣದವನೊಬ್ಬನನ್ನು ಹುಡುಕಿ, ಅವನ ಕನ್ನಡಕ ತೆಗೆಸಿ, ಅವನ ಕಣ್ಣಿಗೆ ಕರಿ ಗಾಜು ಹಾಕಿದರಲ್ಲ, ಇಂಥ ಬುದ್ಧಿ ನಮ್ಮೂರಿನವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು! ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ಕನ್ನಡಕದ ಮೇಲೆ ಅದನ್ನು ಹಾಕಿಕೊಳ್ಳಲೂ ನೋಡಿದೆ. ಎರಡೂ ಕೆಳಗೆ ಬಿದ್ದವು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಾಗಾಗಿ ಲೆಕ್ಕ ಹಾಕಿ ಆಡಿದೆ. ಪರದೆಯ ಮರೆಯಿಂದ ಕುರ್ಚಿಗೆ ನಾಲ್ಕು ಹೆಜ್ಜೆ. ಕುರ್ಚಿಯ ಬೆನ್ನಿನ ಮೇಲೆ ಕೈ. ಅಲ್ಲಿಂದ ಮೇಜಿಗೆ ಎರಡು. ಎಡವಿ ಬೀಳಬಾರದೆಂದು ಮೆಲ್ಲಗೆ ನಡೆಯುತ್ತಿದ್ದೆ. ಯಾರು ಮಾತಾಡಿದರೂ ಮೊದಲು ಸುಮ್ಮನೆ ಕಿವಿಗೊಟ್ಟು, ದನಿ ಎಲ್ಲಿಂದ ಬಂತೆಂದು ಗೊತ್ತಾದ ಮೇಲೆ ಕತ್ತನ್ನು ಆ ಕಡೆ ತಿರುಗಿಸಿ ಹಾಗೇ ನಿಲ್ಲಿಸುತ್ತಿದ್ದೆ. ಒಮ್ಮೆ ನಿಲ್ಲಿಸಿದ ಕತ್ತನ್ನು ಅಲ್ಲಾಡಿಸುತ್ತಿರಲಿಲ್ಲ, ಅಲ್ಲಾಡಿಸಿದರೆ ದಿಕ್ಕು ತಪ್ಪುತ್ತಿತ್ತು. ಇದೆಲ್ಲ ನನ್ನ ಪಾಡು. ಜನಕ್ಕೆ ಅದು ಬೇರೆಯೇ ಕಂಡಿತು. ಕಂಟ್ರಾಕ್ಟರ್ ಆತುರಪಡುವುದಿಲ್ಲ, ಕಂಟ್ರಾಕ್ಟರ್ ಯಾರಿಗೂ ತಕ್ಷಣ ಉತ್ತರ ಕೊಡುವುದಿಲ್ಲ, ಕಂಟ್ರಾಕ್ಟರ್ ನೋಡಿದನೆಂದರೆ ನೆಟ್ಟ ನೋಟ. ಕೊನೆಯ ದೃಶ್ಯದಲ್ಲಿ ನಾಯಕಿ ನನ್ನ ಕೆನ್ನೆಗೆ ಹೊಡೆಯಬೇಕಿತ್ತು. ಆ ಏಟು ಬರುವುದೇ ನನಗೆ ಕಾಣಲಿಲ್ಲವಾದ್ದರಿಂದ ನಾನು ಹಿಂದಕ್ಕೆ ಸರಿಯಲಿಲ್ಲ, ಮುಖ ತಿರುಗಿಸಲಿಲ್ಲ. ಚಟೀರೆಂದು ಬಿತ್ತು. ಕಂಬದ ಹಾಗೆ ನಿಂತಿದ್ದೆ. ಬಯಲಿನಿಂದ ಯಾರೋ ಕೂಗಿದರು: "ಅಬ್ಬಬ್ಬಾ, ಏನ್ ಗುಂಡಿಗೆ ಲೇ ಇವಂದು! ಅಲ್ಲಾಡ್ಲೇ ಇಲ್ಲ ನೋಡು!"

ಅವತ್ತಿಗೆ ನನ್ನ ಹೆಸರು ಹೋಯಿತು. ನಾನು ಕಂಟ್ರಾಕ್ಟರ್ ಆದೆ. ಹರಿಯಬ್ಬೆ ಕಡೆಯವರು ಕರೆದರು, ಹೊಳಲ್ಕೆರೆಯ ಸುತ್ತಿನವರು ಕರೆದರು. ಒಂದು ಊರಿನಲ್ಲಿ ತಂದೆಯ ಪಾರ್ಟಿನವನಿಗೆ ಜ್ವರ ಬಂತೆಂದು ನಾನು ನನ್ನ ಸ್ವಂತ ಕನ್ನಡಕ ಹಾಕಿಕೊಂಡು ಆ ಪಾರ್ಟು ಮಾಡಲು ಒಪ್ಪಿದೆ. ಎಲ್ಲ ಕಾಣುತ್ತಿತ್ತು, ಚೆನ್ನಾಗಿಯೇ ಮಾತಾಡಿದೆ. ಜನ ಬಿಡಲಿಲ್ಲ. "ಯಾವನಲೇ ಈ ಸೋಡಾಗ್ಲಾಸು? ನಮ್ ಕಂಟ್ರಾಕ್ಟರ್ ಎಲ್ಲವ್ನೆ? ಕರಕಂಬರ್ರಿ!" ಅಂತ ಒಂದೇ ಗಲಾಟೆ. ನಾನೇ ಕಣ್ರೋ ಅವನು ಅಂತ ಹೇಳಿದರೆ ನಂಬುವವರು ಯಾರು? ಒಳಗೆ ಹೋಗಿ ಕನ್ನಡಕ ಬದಲಿಸಿ ಬಂದೆ. ಶಿಳ್ಳೆ ಬಿತ್ತು.

ಸುಳ್ಳು ಯಾಕೆ ಹೇಳಲಿ, ಹಿಡಿಸಿತು ನನಗೆ. ಸೋಡಾಗ್ಲಾಸಿನ ಮೇಷ್ಟ್ರಿಗೆ ಹೋಟೆಲಿನಲ್ಲಿ ಬೆಂಚು, ಕರಿ ಕನ್ನಡಕದವನಿಗೆ ಕುರ್ಚಿ. "ಬರ್ರಿ ಕಂಟ್ರಾಕ್ಟರ್ರೆ, ಕುಂತ್ಕಳ್ರಿ" ಅನ್ನುವರು. ಮಾಸ್ತರರು ನನ್ನ ಕಿವಿಯಲ್ಲಿ, "ನಾಟಕ ಮುಗುದ್ ಮ್ಯಾಲೂ ತೆಗಿಬ್ಯಾಡ, ಜನ ಅದಕ್ಕೇ ಬರಾದು" ಅಂದರು. ಬಸ್ಸು ಹತ್ತುವವರೆಗೂ ತೆಗೆಯುತ್ತಿರಲಿಲ್ಲ. ಯಾರೋ ಕೈ ಹಿಡಿದು ನಡೆಸುತ್ತಿದ್ದರು, ನೋಡಿದವರು ಅದನ್ನೂ ದೊಡ್ಡಸ್ತಿಕೆ ಅಂದುಕೊಂಡರು.

ಭರಮಸಾಗರದ ಹತ್ತಿರ ಒಂದು ಊರಿನಲ್ಲಿ ಆಡಿದಾಗ, ದೊಡ್ಡ ಕೆರೆಯ ಕೆಳಗೆ ಗದ್ದೆ ಇದ್ದ ಒಬ್ಬ ಯಜಮಾನರು ಮುಂದಿನ ಸಾಲಿನಲ್ಲಿ ಕೂತಿದ್ದರಂತೆ. ವಾರದೊಳಗೆ ವಿಚಾರಿಸಿಕೊಂಡು ನಮ್ಮ ಮನೆಗೆ ಬಂದರು. ಜಾತಿ ಒಂದೇ, ಕುಲದ ಬಳ್ಳಿಯೂ ಕೂಡಿತು. "ಹುಡುಗನ ಗತ್ತು ನೋಡಿದ್ ಮ್ಯಾಲೆ ಇನ್ನೇನೂ ಕೇಳಾದಿಲ್ಲ. ಮಗಳು ಅವ್ಳೆ, ಬಂದು ನೋಡ್ರಿ" ಅಂದರು. ಅವ್ವನ ಕಾಲು ನೆಲದ ಮೇಲಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವ್ವ ನನ್ನ ಜೇಬಿಗೇ ಕೈ ಹಾಕಿ ಕನ್ನಡಕ ತೆಗೆದಿಟ್ಟುಕೊಂಡಳು.

"ಹೆಣ್ಣು ನೋಡಕ್ಕೆ ಹೋಗಾದು ಕಣವ್ವ, ಕಾಣ್ದಂಗೆ ಹೋಗಿ ಏನ್ ಮಾಡ್ಲಿ?"

"ನೋಡಕ್ಕೆ ನಾವಿಲ್ವಾ? ನೀನು ತೋರುಸ್ಕಳಕ್ಕೆ ಬಾ, ಸಾಕು."

ಇಪ್ಪತ್ತೈದು ವರ್ಷದ ಗಂಡಸು, ನಲವತ್ತು ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡುವವನು, ಬಾಯಿ ಮುಚ್ಚಿಕೊಂಡು ಅವಳ ಹಿಂದೆ ಬಸ್ಸು ಹತ್ತಿದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಬೆಳಕಿತ್ತು. ಒಳಗಿನ ಕತ್ತಲಿಂದ ಹಸಿರು ಬಣ್ಣದ್ದೊಂದು ಬಂದು ನಿಂತಿತು. ಬಳೆ ಸದ್ದಾಯಿತು, ಗಾಜಿನ ಬಳೆಯ ನಡುವೆ ಒಂದು ದಪ್ಪ ಬಳೆ ಇದ್ದ ಸದ್ದು. ನಾನು ಕಲಿತಿದ್ದು ಒಂದೇ ವಿದ್ಯೆ, ಅದನ್ನೇ ಮಾಡಿದೆ. ಸದ್ದು ಬಂದ ಕಡೆ ಕತ್ತು ತಿರುಗಿಸಿ, ಮುಖ ಇರಬೇಕಾದ ಎತ್ತರಕ್ಕೆ ನೋಟ ನೆಟ್ಟು, ಅಲ್ಲಾಡದೆ ಕೂತೆ. ಕರಿ ಕನ್ನಡಕ ಇರಲಿಲ್ಲ, ಆದರೆ ಕೂತವನು ಕಂಟ್ರಾಕ್ಟರನೇ. ಎಷ್ಟು ಹೊತ್ತು ಹಾಗಿದ್ದೆನೋ. ಬಳೆ ಒಮ್ಮೆ ಸದ್ದಾಗಿ ನಿಂತಿತು. ಆಮೇಲೆ ಅವಳು ಮಂಡಕ್ಕಿಯ ತಟ್ಟೆಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು. ದಾರಿಯಲ್ಲಿ ಅವ್ವ, "ಹೆಂಗೈತೆ ಹುಡುಗಿ?" ಅಂತ ಕೇಳಿದಳು. ನಾನು ಕುಹಕದಿಂದ, "ಹಸುರುಗೈತೆ" ಅಂದೆ. "ಹೂಂ, ಒಪ್ಪಿಗೆ ಅಂತ ಹೇಳಿ ಕಳಿಸ್ತೀನಿ" ಅಂದಳು. ನಾನು ಬೇಡ ಅನ್ನಲಿಲ್ಲ.

ಲಗ್ನದಲ್ಲಾದರೂ ಮುಖ ಕಂಡೆನಾ? ಎಲ್ಲಿ! ನಡುವೆ ಅಂತರಪಟ ಹಿಡಿದಿದ್ದರು. ಅದನ್ನು ಸರಿಸಿದರೆ ಇಬ್ಬರ ಹಣೆಗೂ ಬಾಸಿಂಗ, ಬಾಸಿಂಗದಿಂದ ಇಳಿಬಿದ್ದ ಹೂವು. ಅದು ಮುಗಿಯುತ್ತಿದ್ದ ಹಾಗೆ ಮಾವನವರು, "ಎಲ್ಲಿ ಅಳಿಯಂದ್ರೆ, ಆ ಕನ್ನಡಕ ಹಾಕ್ಕಳ್ರಿ, ಊರಿಗೆ ಊರೇ ಕಾಯ್ತಾ ಐತೆ" ಅಂದರು. ಮೆರವಣಿಗೆಯಲ್ಲೂ ಕರಿ ಕನ್ನಡಕ, ಫೋಟೋದಲ್ಲೂ ಕರಿ ಕನ್ನಡಕ. ದುರ್ಗದಿಂದ ಬಂದ ಫೋಟೋದವನು "ಹೀರೋ ಇದ್ದಂಗಿದೀರಿ ಸಾರ್" ಅಂದ. ಪಕ್ಕದಲ್ಲಿ ನಿಂತವಳು ಕೆಂಪು ಬಣ್ಣದ್ದೊಂದು ಎತ್ತರ, ನನ್ನ ಭುಜದವರೆಗೆ.

ಊಟದ ಪಂಕ್ತಿಯಲ್ಲಿ ಅವಳ ಸೋದರಮಾವ ನನ್ನ ಪಕ್ಕ ಕೂತರು. ಹೋಳಿಗೆಗೆ ಹಾಲು ಸುರಿದುಕೊಳ್ಳುತ್ತ ತಾವಾಗಿಯೇ ಮಾತು ತೆಗೆದರು. "ನಿಮ್ಮಂಥೋರು ಸಿಗಬೇಕು ಬಿಡ್ರಿ. ನಿಮಗಿಂತ ಮುಂಚೆ ಏಳು ಜನ ಬಂದಿದ್ರು. ಸಣ್ಣೋಳಿದ್ದಾಗ ಸಿಡುಬೆದ್ದು ಮಖ ಎಲ್ಲ ಕಲೆ ಆಗೋತಲ್ಲ ಅವಳಿಗೆ, ಬಂದೋರೆಲ್ಲ ಒಂದ್ಸಲ ನೋಡಾದು, ತಲೆ ತಗ್ಗಿಸಾದು. ಏಳು ಜನಾನೂ ನೆಲ ನೋಡಿದ್ರು. ನೀವು ನೋಡಿದ್ರಿ, ನೋಡ್ತಾನೇ ಇದ್ರಿ. ನಮ್ಮ ಹುಡುಗಿ ಒಳಗೆ ಹೋಗಿ ಅವರವ್ವಗೆ ಏನಂದ್ಲು ಗೊತ್ತಾ? ಇವ್ರು ನನ್ ಮಖದಿಂದ ಕಣ್ಣು ಕೀಳ್ಲಿಲ್ಲ ಕಣವ್ವ, ಮದ್ವೆ ಆದ್ರೆ ಇವ್ರನ್ನೇ ಆಗ್ತೀನಿ ಅಂದ್ಲು."

ಎತ್ತಿದ ತುತ್ತನ್ನು ಎಲೆಗೇ ಇಟ್ಟುಬಿಟ್ಟೆ. ಸಿಡುಬಿನ ಮಾತು ಕೇಳಿ ಅಲ್ಲ, ಆ ಕಾಲದಲ್ಲಿ ಅಂಥ ಮುಖಗಳು ಓಣಿಗೆ ನಾಲ್ಕು ಇದ್ದವು. ನಾನು ನೋಡಿದೆನೆಂದು ನಂಬಿ ಅವಳು ಕತ್ತು ಕೊಟ್ಟಿದ್ದಳಲ್ಲ, ಅದಕ್ಕೆ. ಹುಟ್ಟಿದಾಗಿನಿಂದ ನಾನು ಯಾರಿಗೂ ಅಷ್ಟು ದೊಡ್ಡ ಮೋಸ ಮಾಡಿರಲಿಲ್ಲ. ಮಾಡಿದ್ದೂ ಸುಮ್ಮನೆ ಕೂತು.

ಕೈ ತೊಳೆದವನೇ ಅವ್ವನನ್ನು ಚಪ್ಪರದ ಹಿಂದಕ್ಕೆ ಎಳೆದುಕೊಂಡು ಹೋದೆ. "ನಿಂಗೆ ಗೊತ್ತಿತ್ತಲ್ಲ, ಯಾಕ್ ಹೇಳ್ಲಿಲ್ಲ?"

"ನಿನ್ ಕಣ್ಣಿನ ಸುದ್ದಿ ಅವ್ರಿಗೆ ಹೇಳ್ಲಿಲ್ಲ. ಅವಳ ಮಖದ ಸುದ್ದಿ ನಿಂಗೆ ಹೇಳ್ಲಿಲ್ಲ. ಸಮ ಆತು ಬಿಡು."

"ಸಮ ಎಲ್ಲಾತು? ಅವ್ರು ಏನನ್ನೂ ಮುಚ್ಚಿಟ್ಟಿಲ್ಲ, ಎದುರಿಗೆ ತಂದು ನಿಲ್ಲಿಸಿದ್ರು!"

"ನೀನು ನೋಡ್ಲಿಲ್ಲ, ನಾನೇನ್ ಮಾಡ್ಲಿ?" ಅಂದುಬಿಟ್ಟಳು ಪುಣ್ಯಾತ್ಗಿತ್ತಿ.

ಮುಂದಿನ ವಾರವೇ ಆಷಾಢ ಹುಟ್ಟುವುದಿತ್ತು. ಮನೆ ತುಂಬಿಸಿಕೊಳ್ಳುವ ಶಾಸ್ತ್ರ ಮುಗಿಸಿ ಎರಡನೆಯ ದಿನಕ್ಕೆ ಅವಳನ್ನು ತವರಿಗೆ ಕರೆದುಕೊಂಡು ಹೋದರು. ಆ ಎರಡು ದಿನ ಅವಳು ಒಳಗೆ ಹೆಂಗಸರ ನಡುವೆ, ನಾನು ಹೊರಗೆ ಕಟ್ಟೆಯ ಮೇಲೆ, ಬರಿಗಣ್ಣಲ್ಲಿ. ಶ್ರಾವಣ ಬಂದ ಮೇಲೆ ಒಂದು ಶುಕ್ರವಾರ ಅವ್ವನೇ ಹೋಗಿ ಅವಳನ್ನು ನನ್ನ ಶಾಲೆಯ ಊರಿಗೆ ಕರೆತರುವುದೆಂದು ಮಾತಾಯಿತು.

ಆ ಒಂದು ತಿಂಗಳು ನಾನು ಪಟ್ಟ ಪಾಡು ಯಾರಿಗೂ ಬೇಡ. ನಿಜ ಹೇಳಿ ಕಾಗದ ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಏನಂತ ಬರೆಯುವುದು? ನೀನು ನೋಟ ಅಂದುಕೊಂಡದ್ದು ನೋಟವಲ್ಲ, ನಾನು ಎಂಟನೆಯವನೂ ಅಲ್ಲ, ನನ್ನನ್ನು ಆ ಲೆಕ್ಕಕ್ಕೇ ಹಿಡಿಯಬೇಡ ಅಂತಲೇ? ಅವಳಿಗೆ ನನ್ನಿಂದ ಸಿಕ್ಕಿದ್ದು ಅದೊಂದೇ, ಅದನ್ನೂ ಕಿತ್ತುಕೊಂಡರೆ ಅವಳ ಕೈಯಲ್ಲಿ ಇನ್ನೇನು ಉಳಿಯಿತು? ಕೊನೆಗೆ ಒಂದು ಮೂರ್ಖ ತೀರ್ಮಾನಕ್ಕೆ ಬಂದೆ. ಅವಳ ಎದುರಿಗೆ ಜೀವ ಇರುವವರೆಗೂ ಕನ್ನಡಕ ಹಾಕಬಾರದು. ಶಾಲೆಗೆ ಬಂದು ಹಾಕಿಕೊಳ್ಳುವುದು, ಸಂಜೆ ಸೀಮೆಸುಣ್ಣದ ಡಬ್ಬಿಯಲ್ಲಿ ಇಟ್ಟು ಮನೆಗೆ ಹೋಗುವುದು.

ಅದಕ್ಕೆ ತಾಲೀಮು ಕೂಡ ಶುರುಮಾಡಿದೆ, ನಗಬೇಡಿ. ಶಾಲೆಯ ಪಕ್ಕದಲ್ಲೇ ಬಾಡಿಗೆಗೆ ಹಿಡಿದ ಕೋಣೆ. ಬಾಗಿಲಿಂದ ಒಲೆಗೆ ಐದು ಹೆಜ್ಜೆ. ಒಲೆಯಿಂದ ನೀರಿನ ಹಂಡೆಗೆ ಮೂರು. ಹಂಡೆಯಿಂದ ಹಿತ್ತಲ ಬಾಗಿಲಿಗೆ ಎರಡು, ಅಲ್ಲಿ ಹೊಸ್ತಿಲು ಎತ್ತರ. ದಿನಾ ಸಂಜೆ ಕನ್ನಡಕ ತೆಗೆದು ಲೋಟ ಹುಡುಕಿದೆ, ಕಡ್ಡಿಪೆಟ್ಟಿಗೆ ಹುಡುಕಿದೆ, ಮೊಣಕಾಲು ಒಡೆದುಕೊಂಡೆ. ಆ ನಾಲ್ಕು ಗೋಡೆಯ ನಡುವೆ ನಿಂತು, ಇನ್ನು ನಲವತ್ತು ವರ್ಷ ಹೀಗೇ ಹೆಜ್ಜೆ ಎಣಿಸಬೇಕಲ್ಲಪ್ಪ ಅಂದುಕೊಳ್ಳುತ್ತಿದ್ದೆ. ನಾಟಕವಾದರೆ ಬೆಳಗಾಗುವುದರೊಳಗೆ ಪರದೆ ಬೀಳುತ್ತದೆ. ಇದಕ್ಕೆ ಪರದೆಯೇ ಇರಲಿಲ್ಲ. ಗೋಡೆಯ ಮೊಳೆಗೆ ಆ ಕರಿ ಕನ್ನಡಕ ತೂಗುಹಾಕಿದ್ದೆ. ಎಷ್ಟೋ ಸಲ ಅದನ್ನು ತುಳಿದು ಪುಡಿ ಮಾಡಬೇಕು ಅನ್ನಿಸಿತು. ಮಾಡಲಿಲ್ಲ. ಮಾವನವರು ಬಂದರೆ ಎಲ್ಲಿ ಅಂತ ಕೇಳುತ್ತಾರಲ್ಲ!

ಆ ಶ್ರಾವಣದಲ್ಲಿ, ಶುಕ್ರವಾರಕ್ಕೆ ಇನ್ನೂ ಎರಡು ದಿನ ಇರುವಾಗ, ಬುಧವಾರ ಮಧ್ಯಾಹ್ನ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಹಿರಿಯೂರಿನ ಬಸ್ಸು ಬಂದು ನಿಂತು ಹೋದದ್ದು ಕೇಳಿಸಿತು. ಬಾಗಿಲಿಗೆ ನೆರಳು ಬಿತ್ತು. ತಿರುಗಿದೆ. ಕನ್ನಡಕ ಮೂಗಿನ ಮೇಲಿತ್ತು, ಎಲ್ಲ ಸ್ವಚ್ಛವಾಗಿ ಕಂಡಿತು. ಕಂಕುಳಲ್ಲಿ ಒಂದು ಗಂಟು ಹಿಡಿದ ಹೆಂಗಸು, ಕಾಲಿಗೆ ಧೂಳು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ಮುಖದ ತುಂಬ ಸಿಡುಬಿನ ಕಲೆ, ಹಣೆಯ ಮೇಲೆ, ಮೂಗಿನ ಎರಡು ಬದಿ, ಗದ್ದದವರೆಗೆ. ದಣಿದಿದ್ದಳು, ಆದರೂ ನನ್ನನ್ನು ನೋಡಿ ನಗುತ್ತಿದ್ದಳು. ಮಕ್ಕಳ ಕಡೆಯವರು ಯಾರಾದರೂ ಹೀಗೆ ಬಂದು ನಿಲ್ಲುವುದು ವಾರಕ್ಕೆ ನಾಲ್ಕು ಸಲ ಇದ್ದದ್ದೇ.

"ಬರ್ರಿ, ಯಾವ ಹುಡುಗನ ತಾಯಿ ನೀವು?" ಅಂತ ಕೇಳಿದೆ.

ಅವಳ ನಗು ನಿಂತಿತು. ಮಕ್ಕಳು ನನ್ನನ್ನು ಕಾಯದೆ "ಏಳೆಂಟ್ಲೆ ಐವತ್ತಾರು" ಅಂತ ಮುಂದಕ್ಕೆ ಹೋದರು. ಅವಳು ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಬಳೆ ಸದ್ದಾಯಿತು, ಗಾಜಿನ ಬಳೆಯ ನಡುವೆ ಒಂದು ದಪ್ಪ ಬಳೆ.

ಆ ಸದ್ದು ನನಗೆ ಗೊತ್ತಿತ್ತು. ಒಂದು ತಿಂಗಳು ತಾಲೀಮು ಮಾಡಿದ ಕೈ ತಾನಾಗಿ ಮೇಲೆ ಹೋಗಿ ಕನ್ನಡಕ ಕಿತ್ತು ಬೆನ್ನ ಹಿಂದೆ ಮುಚ್ಚಿಟ್ಟಿತು. ಅದಕ್ಕಿಂತ ಕೆಟ್ಟದ್ದನ್ನು ನಾನು ಮಾಡಲು ಸಾಧ್ಯವಿರಲಿಲ್ಲ. ಈಗ ಅವಳ ಎದುರಿಗೆ ಇದ್ದದ್ದು ಅವತ್ತು ಪಡಸಾಲೆಯಲ್ಲಿ ಕೂತಿದ್ದ ಅದೇ ಮುಖ, ಅದೇ ನೆಟ್ಟ ನೋಟ. ಮಕ್ಕಳನ್ನು ಆಟಕ್ಕೆ ಬಿಟ್ಟೆ. ಅವರೆಲ್ಲ ಓಡಿಹೋದ ಮೇಲೆ ಅವಳು ಮಾತಾಡಿದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

"ಅವತ್ತು ನಮ್ಮನೇಲಿ ನೀವು ನನ್ನ ನೋಡ್ಲೇ ಇಲ್ಲ."

"ಇಲ್ಲ" ಅಂದೆ.

"ಏನೂ ಕಾಣ್ಲಿಲ್ಲಾ?"

"ಸೀರೆ ಕಾಣ್ತು. ಹಸುರು."

"ಸೀರೆ ನಮ್ಮಕ್ಕಂದು" ಅಂದಳು.

ನಾನು ಎಲ್ಲ ಹೇಳಿದೆ. ಅವ್ವ, ಮಾಸ್ತರು, ಮೂಗಿನ ಗುಳಿ, ಕೆನ್ನೆಯ ಏಟು, ಹರಿದ ಕಾಗದ, ಒಲೆಗೆ ಐದು ಹೆಜ್ಜೆ. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಅವಳು ಅಳಲಿಲ್ಲ. ಶುಕ್ರವಾರದ ಬದಲು ಬುಧವಾರ ಬಂದದ್ದು ಯಾಕೆಂದು ಮಾತ್ರ ಹೇಳಿದಳು. ಸೋದರಮಾವನಿಗೆ ಹಿರಿಯೂರಿನಲ್ಲಿ ಕೆಲಸವಿತ್ತಂತೆ, ಅವರ ಜೊತೆಯಲ್ಲೇ ಹೋಗಾಣ ಅಂತ ಬಂದಳಂತೆ, ಕಾಗದ ಹಾಕಿದ್ದರಂತೆ. ಆ ಕಾಗದ ನನಗೆ ಮಾರನೆಯ ದಿನ ಬಂತು. ಮಾವ ಟ್ರಂಕು ಇಳಿಸಿ ಟೀ ಕುಡಿಯಲು ಹೋಗಿದ್ದರು.

"ಹಾಕ್ಕಳ್ರಿ" ಅಂದಳು.

"ಏನನ್ನ?"

"ಹಿಂದೆ ಹಿಡ್ಕಂಡಿದೀರಲ್ಲ, ಅದನ್ನ. ಹಾಕ್ಕಂಡು ನೋಡ್ರಿ. ಮಾವ ಸಂಜೆ ಬಸ್ಸಿಗೆ ವಾಪಸ್ ಹೋಗ್ತಾನೆ. ಟ್ರಂಕು ಇನ್ನೂ ಬಿಚ್ಚಿಲ್ಲ."

ಹಾಕಿಕೊಂಡೆ. ನನ್ನ ಕತ್ತು ಹೇಳದೆ ಕೇಳದೆ ಅವಳ ದನಿಯ ಕಡೆ ತಿರುಗಿ ನೆಟ್ಟಗೆ ನಿಂತಿತು. ಅಲ್ಲಾಡಲಿಲ್ಲ. ಎಂಥ ಕೆಟ್ಟ ಚಾಳಿ ನೋಡಿ!

"ಅದು ನಾಟಕದ್ದು. ಅದು ಬ್ಯಾಡ" ಅಂದಳು.

ಕಂಟ್ರಾಕ್ಟರ್ ಹೋದ. ಸೋಡಾಗ್ಲಾಸಿನ ಮೇಷ್ಟ್ರು ಉಳಿದ. ಆ ಮೇಷ್ಟ್ರು ಅವಳ ಮುಖ ನೋಡಿದ, ಒಂದೊಂದು ಕಲೆಯೂ ಕಂಡಿತು, ಅವಳ ಕಣ್ಣು ಕಂಡಿತು, ಕಣ್ಣಲ್ಲಿ ತಾನು ಮಾಡಿದ್ದು ಕಂಡಿತು. ತಡೆಯಲಾಗಲಿಲ್ಲ. ತಲೆ ತಗ್ಗಿಸಿ ನೆಲ ನೋಡಿದ. ಸೆಗಣಿ ಸಾರಿಸಿದ ನೆಲ, ಯಾರೋ ಬಿಟ್ಟುಹೋದ ಬಳಪದ ಚೂರು. ನಾಚಿಕೆಯಿಂದ ತಗ್ಗಿಸಿದ್ದೆ ಕಣೇ ಅಂತ ಹೇಳಬೇಕೆಂದರೆ ಬಾಯಿ ಬರಲಿಲ್ಲ. ಹೇಳಿದ್ದರೂ ನಂಬುವ ಹಾಗೆ ನಾನೇನು ಉಳಿಸಿಕೊಂಡಿದ್ದೆ?

"ಏಳು ಜನದಂಗೇ" ಅಂದಳು ಅವಳು.

ತಲೆ ಎತ್ತಿದೆ. ಅವಳು ಅಲ್ಲೇ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಮತ್ತೆ ತಗ್ಗಿಸಲಿಲ್ಲ. ಆದರೆ ಆ ಎರಡನೆಯ ನೋಟವನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಳೋ ಇಲ್ಲವೋ ಅವಳ ಮುಖದಿಂದ ಗೊತ್ತಾಗಲಿಲ್ಲ. ಮುಖ ನೋಡಿ ಮನಸ್ಸು ತಿಳಿಯುವ ಅಭ್ಯಾಸ ನನಗೆಲ್ಲಿತ್ತು?

ಮಾವ ಬಂದರು. ಏನೂ ತಿಳಿಯದೆ ನನ್ನ ಕನ್ನಡಕ ನೋಡಿ, "ಓಹೋ, ಪಾಠ ಮಾಡಕ್ಕೆ ಬ್ಯಾರೆ ಕನ್ನಡಕನಾ?" ಅಂತ ನಕ್ಕರು. ಟ್ರಂಕನ್ನು ಶಾಲೆಯ ಜಗುಲಿಯ ಮೇಲೆ ಇಟ್ಟರು. ಕೋಣೆಗೆ ಒಯ್ಯೋಣ ಅಂತ ನಾನು ಕೈ ಹಾಕಿದೆ. "ಅಲ್ಲೇ ಇರ್ಲಿ" ಅಂದಳು. ಮೂವರೂ ಜಗುಲಿಯ ಮೇಲೆ ಕೂತು ಶೇಂಗಾ ತಿಂದೆವು. ಮಾವ ಮಳೆಯ ಬಗ್ಗೆ, ಭರಮಸಾಗರದ ಕೆರೆಗೆ ಬಂದ ನೀರಿನ ಬಗ್ಗೆ ಮಾತಾಡಿದರು. ನಾನು ಹೂಂಗುಟ್ಟಿದೆ. ಟ್ರಂಕಿನ ಮೇಲೆ ಅವಳ ಕೈ ಇತ್ತು.

ಐದೂವರೆಗೆ ಬಸ್ಸು ಬಂತು. ಮಾವ ಹತ್ತಿದರು. ಅವಳು ಎದ್ದು ಟ್ರಂಕನ್ನು ಎತ್ತಿಕೊಂಡು ಬಸ್ಸಿನ ಬಾಗಿಲವರೆಗೆ ಹೋಗಿ ನಿಂತಳು. ನಾನು ಹತ್ತು ಹೆಜ್ಜೆ ಹಿಂದೆ. ಕಂಡಕ್ಟರ್ ತಲೆ ಹೊರಹಾಕಿ, "ಏನವ್ವ, ಟ್ರಂಕು ಮ್ಯಾಲೆ ಹಾಕ್ಲಾ? ಬರ್ತೀರಾ?" ಅಂದ.

ಅವಳು ತಿರುಗಿ ನನ್ನನ್ನು ನೋಡಿದಳು. ಅಷ್ಟು ದೂರದಿಂದಲೂ ಅವಳ ಮುಖ ನನಗೆ ಪೂರ್ತಿ ಕಂಡಿತು.

"ಇವತ್ತಿಲ್ಲ, ಹೋಗ್ರಿ" ಅಂದಳು ಕಂಡಕ್ಟರನಿಗೆ.

ಮಾವ ತಮಾಷೆ ಅಂದುಕೊಂಡು ಕಿಟಕಿಯಿಂದ ಜೋರಾಗಿ ನಕ್ಕರು. ಬಸ್ಸು ಹೋಯಿತು. ಅವಳು ಟ್ರಂಕನ್ನು ತಾನೇ ಹೊತ್ತುಕೊಂಡು ಕೋಣೆಯ ಕಡೆ ನಡೆದಳು.

ಮಾರನೆಯ ದಿನ ಐದೂವರೆಗೆ ಬಸ್ಸು ಮತ್ತೆ ಬಂದು ಹಾರ್ನ್ ಹಾಕಿತು. ನಾನು ಶಾಲೆಯ ಜಗುಲಿಯ ಮೇಲೆ ನಿಂತು, ಕನ್ನಡಕ ಹಾಕಿಕೊಂಡು, ಟ್ರಂಕು ಹೊರಗೆ ಬರುತ್ತದೇನೋ ಅಂತ ನಮ್ಮ ಕೋಣೆಯ ಬಾಗಿಲನ್ನೇ ನೋಡುತ್ತಿದ್ದೆ. ಅದರ ಮಾರನೆಯ ದಿನವೂ ನೋಡುತ್ತಿದ್ದೆ.